ಹನ್ನೆರಡನೆಯ ನಾಟಕಕ್ಕೆ ಮೆಚ್ಚುಗೆ

ಹನ್ನೊಂದು ಜನರ ನಾಟಕಕ್ಕೆ ಬಾಯ್ತುಂಬ ಮೆಚ್ಚುಗೆ ಬರೆದ ಮನುಷ್ಯ ನನ್ನ ನಾಟಕಕ್ಕೆ ಒಂದು ಸಾಲನ್ನೂ ಬರೆದಿರಲಿಲ್ಲ.

ಶುಕ್ರವಾರ ಸಂಜೆ, ಅಚ್ಚಿನ ಕೆಲಸ ನೋಡಿಕೊಳ್ಳುವ ಶ್ರೀವಲ್ಲಿ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಮೆಚ್ಚುಗೆಗಳ ಪುಸ್ತಕದ ಪಿಡಿಎಫ್ ಹಾಕಿದಳು. ಇಪ್ಪತ್ತನಾಲ್ಕನೇ ಪುಟದಲ್ಲಿ ನನ್ನ ನಾಟಕದ ಹೆಸರು, ‘ಬಾಯಲ್ಲಿ ಲವಂಗ’. ಅದರ ಕೆಳಗೆ ನನ್ನ ಹೆಸರು, ತಾಹಿರಾ. ಅದರ ಕೆಳಗೆ ಬರೀ ಬಿಳಿ. ಮೊಬೈಲ್ ಹಾಳಾಗಿದೆಯೇನೋ ಎಂದು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಹಾಳಾಗಿದ್ದು ಮೊಬೈಲ್ ಅಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂರುಗಳಲ್ಲಿ ನಾಟಕ ಬರೆಯುವ ಹುಚ್ಚು ಹಿಡಿದ ಹದಿಮೂರು ಮಂದಿ ಸೇರಿ ಕಟ್ಟಿಕೊಂಡ ಬಳಗ ನಮ್ಮದು. ಬರೆದವರು ತಮ್ಮ ನಾಟಕವನ್ನು ತಾವೇ ಓದುವಂತಿಲ್ಲ ಎಂಬುದು ನಮ್ಮ ಪದ್ಧತಿ. ವರ್ಷಕ್ಕೊಬ್ಬರಂತೆ ಒಬ್ಬ ನಾಟಕಕಾರ ಉಳಿದ ಹನ್ನೆರಡು ಜನರ ಹೊಸ ನಾಟಕಗಳನ್ನು, ತಿಂಗಳಿಗೊಂದರಂತೆ, ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಒಂದೊಂದಕ್ಕೂ ಮೆಚ್ಚುಗೆಯನ್ನೂ ಬರೆಯಬೇಕು, ವರ್ಷದ ಕೊನೆಗೆ ಅವೆಲ್ಲ ಸೇರಿ ಒಂದು ಪುಸ್ತಕ. ಈ ವರ್ಷದ ಸರದಿ ವಾಸಿಫನದು. ಹನ್ನೊಂದು ನಾಟಕಗಳ ಓದು ಮುಗಿದಿತ್ತು. ಭಾನುವಾರ ನನ್ನದು, ಅದರ ಪ್ರತಿ ಅವನ ಕೈ ಸೇರಿ ಆಗಲೇ ತಿಂಗಳಾಗಿತ್ತು. ಸೋಮವಾರ ಪುಸ್ತಕ ಪ್ರಿಂಟಿಗೆ.

ಹೊಟ್ಟೆಯುರಿಯಿಂದಲೇ ಉಳಿದವರ ಪುಟಗಳನ್ನು ಓದಿದೆ. ಗೌರಿಬಿದನೂರಿನ ರಿಟೈರ್ಡ್ ಮೇಷ್ಟ್ರು ಪುಟ್ಟಸ್ವಾಮಯ್ಯನವರ ನಾಟಕದಲ್ಲಿ ರೇಷನ್ ಅಂಗಡಿಯ ಮಿಷಿನ್ನು ಒಬ್ಬ ಮುದುಕನ ಹೆಬ್ಬೆರಳನ್ನು ಒಪ್ಪುವುದಿಲ್ಲ. ‘ಮೂರನೇ ಸಲವೂ ಮಿಷಿನ್ನು ಒಲ್ಲೆ ಎಂದಾಗ ಮುದುಕ ಆ ಬೆರಳನ್ನು ಮೊಮ್ಮಗುವಿನ ಮುಖ ಒರೆಸುವ ಹಾಗೆ ಒರೆಸುತ್ತಾನೆ. ಆ ಒಂದು ದೃಶ್ಯಕ್ಕೆ ನನ್ನ ಮೂರು ನಾಟಕ ಕೊಟ್ಟುಬಿಡುತ್ತೇನೆ’ ಎಂದು ವಾಸಿಫ್ ಬರೆದಿದ್ದ. ನಿಜ, ಆ ದೃಶ್ಯ ಹಾಗೇ ಇದೆ. ಆದರೆ ಚಿಂತಾಮಣಿಯ ಸುಧೀಂದ್ರ ಬರೆದ ಲಾಡ್ಜಿನ ದೆವ್ವದ ನಾಟಕ? ಅದನ್ನು ಕೇಳುವಾಗ ನಾವೆಲ್ಲ ಆಕಳಿಸಿದ್ದೆವು. ಅದರಲ್ಲೂ ಈ ಪುಣ್ಯಾತ್ಮ ಒಳ್ಳೆಯದನ್ನು ಹುಡುಕಿದ್ದ. ‘ಬಾಗಿಲು ಬಡಿಯುವ ಸದ್ದು ನಾಲ್ಕು ಸಲ ಬರುತ್ತದೆ. ನಾಲ್ಕು ಸಲವೂ ನನಗೆ ಎದ್ದು ಹೋಗಿ ಬಾಗಿಲು ತೆರೆಯಬೇಕೆನಿಸಿತು.’

ದೆವ್ವಕ್ಕೆ ಒಂದೂವರೆ ಪುಟ. ನನಗೆ ಸೊನ್ನೆ.

ನನಗೆ ಉರಿದದ್ದು ಬರೀ ನಾಟಕದ ವಿಷಯಕ್ಕಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನಾನು ಒಂದನ್ನು ಗಮನಿಸುತ್ತಿದ್ದೆ. ಓದಿನಲ್ಲಿ ನಗುವಂಥ ಮಾತು ಬಂದಾಗ ಎಲ್ಲರೂ ನಗುತ್ತಾರೆ. ವಾಸಿಫ್ ಮಾತ್ರ ಮೊದಲು ನನ್ನ ಕಡೆ ನೋಡುತ್ತಾನೆ. ನಾನು ನಕ್ಕೆನೆಂದು ಖಾತ್ರಿಯಾದ ಮೇಲೆ ತಾನು ನಗುತ್ತಾನೆ. ಒಮ್ಮೆ ಬೇಕೆಂದೇ ತುಟಿ ಬಿಗಿಹಿಡಿದು ಕೂತೆ. ಪಾಪ, ಆ ದಿನವಿಡೀ ಅವನು ನಗಲೇ ಇಲ್ಲ. ಚಹಾದ ಹೊತ್ತಿನಲ್ಲಿ ಬಂದು, ‘ಹುಷಾರಿಲ್ವಾ?’ ಎಂದು ಕೇಳಿದ. ಆವತ್ತಿನಿಂದ ಆ ನೋಟ ನನ್ನದೇ ಎಂದುಕೊಂಡಿದ್ದೆ. ಅಂಥವನಿಗೇ ನನ್ನ ನಾಟಕ ಹಿಡಿಸದಿದ್ದರೆ ಬರೆದು ಏನು ಪ್ರಯೋಜನ? ನಾಟಕವನ್ನು ವಾಪಸ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ಆದರೆ ಕಾರಣವನ್ನು ಅವನ ಬಾಯಿಂದಲೇ ಕೇಳಬೇಕಿತ್ತು.

ನಾನು ಶಿಡ್ಲಘಟ್ಟದ ಉರ್ದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ನೆಟ್ಟಗೆ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ನಡೆದೆ. ವಾಸಿಫನ ಮನೆಯವರದು ರೇಷ್ಮೆ ನೂಲು ತೆಗೆಯುವ ಫಿಲೇಚರ್. ಗೂಡು ಕೊಳ್ಳುವ ಕೆಲಸ ಅವನದು.

ಸಾಲುಸಾಲಾಗಿ ಸುರಿದಿದ್ದ ಗೂಡಿನ ರಾಶಿಗಳ ನಡುವೆ ಅವನು ಬಗ್ಗಿ ನಿಂತಿದ್ದ. ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ ಒಳಗಿನ ಹುಳದ ಸದ್ದು ಕೇಳುತ್ತಿದ್ದ. ಸಿಟ್ಟಿನಲ್ಲಿದ್ದರೂ ಆ ಮುಖವನ್ನು ಒಂದು ನಿಮಿಷ ಸುಮ್ಮನೆ ನೋಡಿದೆ. ಕಣ್ಣು ಬಿಟ್ಟವನೇ ನನ್ನನ್ನು ಕಂಡು ಅರಳಿದ.

"ಏನ್ ತಾಹಿರಾ ಅವ್ರೇ, ಮೇಡಂ ಗೂಡು ತಗೊಳ್ಳೋಕೆ ಬಂದ್ರಾ?"

"ನಾಟಕ ವಾಪಸ್ ತಗೊಳ್ಳೋಕೆ ಬಂದೆ."

ಅವನ ನಗು ಅರ್ಧಕ್ಕೇ ನಿಂತಿತು. "ಯಾಕೆ?"

"ಸುಧೀಂದ್ರ ಅವರ ದೆವ್ವಕ್ಕೆ ಒಂದೂವರೆ ಪುಟ ಬರ್ದಿದ್ದೀರ. ನಮ್ ಫುಪ್ಪುಗೆ ಒಂದು ಸಾಲೂ ಇಲ್ವಾ? ಅಷ್ಟು ಕೆಟ್ಟದಾಗಿದ್ಯಾ?"

ನನ್ನ ನಾಟಕದಲ್ಲಿ ಒಬ್ಬ ಸೋದರತ್ತೆ ಇದ್ದಾಳೆ, ನಮ್ಮ ಮನೆಗಳಲ್ಲಿ ಫುಪ್ಪು ಅನ್ನುತ್ತೇವೆ. ಅಣ್ಣನ ಮಗಳನ್ನು ನೋಡಲು ಗಂಡಿನವರು ಬರುವ ದಿನ ಅವಳಿಗೆ ಹಲ್ಲುನೋವು. ಬಾಯಲ್ಲಿ ಲವಂಗ ಇಟ್ಟುಕೊಂಡು ಎಲ್ಲದಕ್ಕೂ ‘ಹೂಂ’ ಅನ್ನುತ್ತಾಳೆ. ಮನೆಯವರು ಒಪ್ಪಿಗೆ ಅಂದುಕೊಂಡು ಮದುವೆ ಮಾತು ಮುಗಿಸಿಯೇ ಬಿಡುತ್ತಾರೆ.

ವಾಸಿಫ್ ಸುತ್ತ ಒಮ್ಮೆ ನೋಡಿದ. ಅಲ್ಲಿ ಅರ್ಧ ಜನ ನಮ್ಮ ಅಬ್ಬಾನ ಪರಿಚಯದವರೇ. "ಇಲ್ಲಿ ಬೇಡ, ಆಮೇಲೆ ಹೇಳ್ತೀನಿ."

"ಯಾವಾಗ? ಪ್ರಿಂಟ್ ಆದ್ಮೇಲಾ?"

"ಹರಾಜಿನ ಬಿಡ್ ಕ್ಲೋಸ್ ಆಗುತ್ತೆ. ಎರಡೇ ನಿಮಿಷ." ಕೈಲಿದ್ದ ಗೂಡನ್ನು ರಾಶಿಗೆ ಹಾಕಿ ಮೊಬೈಲಿನಲ್ಲಿ ದರ ಒತ್ತುತ್ತ ಆಚೆ ಹೋದ. ಗೂಡಿನ ಒಡೆಯನಿಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಒಂದು ಮಾತೂ ಹೇಳಲಿಲ್ಲ.

"ನಿಮಗೂ ಹಿಂಗೇನಾ?" ಎಂದೆ, ರಾಶಿಯ ಹಿಂದೆ ಕೂತಿದ್ದ ರೈತನಿಗೆ. ಹೆಸರು ಮುನಿಶಾಮಿ, ಊರು ಕಳವಾರವಂತೆ.

ಅವರು ಎಲೆಅಡಿಕೆಯ ಬಾಯಲ್ಲೇ ನಕ್ಕರು. "ಅಯ್ಯೋ, ಅವನೇ ತಗಳೋದು ನೋಡ್ತಾ ಇರಮ್ಮ. ಬೆಳಗ್ಗಿಂದ ಹತ್ತು ಜನ ಬಂದು ಭೇಷಾಗೈತೆ, ಬಂಗಾರದಂಗೈತೆ ಅಂದ್ರು. ಹಂಗಂದೋನು ಯಾವನಮ್ಮ ಕೊಂಡವ್ನೆ? ಬೇಕು ಅನ್ನೋನು ಬಾಯೇ ಬಿಡಕಿಲ್ಲ. ಬಿಟ್ರೆ ಪಕ್ಕದೋನ ಕಣ್ಣು ಬೀಳ್ತದಲ್ಲ!"

ನಮ್ಮ ಅಬ್ಬಾ ಕಲಂದರ್ ನೂಲು ತೆಗೆಯುವ ರೀಲರ್, ಮೂವತ್ತು ವರ್ಷ ಇದೇ ಮಾರ್ಕೆಟ್ಟಿನಲ್ಲಿ ಗೂಡು ಕೊಂಡವರು. ಮನಸ್ಸಿಗೆ ಹಿಡಿಸಿದ ರಾಶಿಯ ಮುಂದೆ ಅವರು ಮೂಕರಾಗುತ್ತಿದ್ದುದನ್ನು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡವಳು ನಾನು. ಊರಿಗೆಲ್ಲ ಪಾಠ ಹೇಳುವ ಮೇಡಂಗೆ ಮನೆಯ ಪಾಠವೇ ಮರೆತುಹೋಗಿತ್ತು. ಎದೆಯಲ್ಲಿ ಸಿಟ್ಟಿದ್ದ ಜಾಗಕ್ಕೆ ಏನೋ ಬೆಚ್ಚಗಿನದು ಬಂದು ಕೂತಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ವಾಸಿಫ್ ವಾಪಸ್ ಬಂದ.

"ಸಿಕ್ತಾ?" ಎಂದೆ.

"ಸಿಕ್ತು."

"ಗೂಡು ಚೆನ್ನಾಗಿತ್ತಾ?"

"ತುಂಬಾ."

"ಮುನಿಶಾಮಿಯವ್ರಿಗೆ ಒಂದು ಮಾತೂ ಹೇಳ್ಲಿಲ್ಲ?"

ಅವನ ಎರಡೂ ಕಿವಿ ಕೆಂಪಾದವು. ಸಿಕ್ಕಿಬಿದ್ದೆನೆಂದು ಗೊತ್ತಾಗಿತ್ತು. "ರೀಲರ್ ಮಗಳು ನೀವು. ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೆ ಗೂಡಿಗೆ ಕಿವಿ ಇಲ್ಲ ವಾಸಿಫ್. ನಂಗಿದೆ." ಬ್ಯಾಗನ್ನು ಹೆಗಲಿಗೇರಿಸಿದೆ. "ನಾಳೆ ಓದು ಮುಗಿಯೋದ್ರೊಳಗೆ ಏನಿದ್ರೂ ಹೇಳ್ಬೇಕು. ಇಲ್ಲಾಂದ್ರೆ ನಾಟಕ ವಾಪಸ್."

ಭಾನುವಾರ ಚಿಕ್ಕಬಳ್ಳಾಪುರದ ಶಾಲೆಯ ಹಾಲಿನಲ್ಲಿ ಎಲ್ಲರೂ ಸೇರಿದ್ದೆವು. ವಾಸಿಫ್ ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿಕೊಂಡು ಬಂದಿದ್ದ. ಓದಲು ಶುರು ಮಾಡಿದಾಗ ನಾನು ನೆಲ ನೋಡುತ್ತ ಕೂತೆ. ಒಂದೆರಡು ಪುಟ ಕಳೆಯುವಷ್ಟರಲ್ಲಿ ತಲೆ ಎತ್ತಿದೆ. ನಮ್ಮ ಫುಪ್ಪು ಅವನ ಬಾಯಲ್ಲಿ ಬದುಕಿಕೊಂಡಿದ್ದಳು. ದವಡೆ ಉಬ್ಬಿಸಿ ಒಂದೊಂದು ‘ಹೂಂ’ ಅಂದಾಗಲೂ ಹಾಲಿಗೆ ಹಾಲೇ ನಕ್ಕಿತು. ಅವನು ಮಾತ್ರ ಪ್ರತಿ ಸಲವೂ ಹಾಳೆಯ ಮೇಲಿನಿಂದ ನನ್ನ ಕಡೆ ಒಮ್ಮೆ ನೋಡಿಯೇ ಮುಂದಿನ ಸಾಲಿಗೆ ಹೋದ.

ಓದು ಮುಗಿದ ಮೇಲೆ ಶ್ರೀವಲ್ಲಿ ಕೇಳಿಯೇಬಿಟ್ಟಳು. "ಇಪ್ಪತ್ತನಾಲ್ಕನೇ ಪುಟ ಎಲ್ಲಪ್ಪ? ನಾಳೆ ಪ್ರಿಂಟಿಗೆ ಕೊಡ್ಬೇಕು."

ವಾಸಿಫ್ ಎದ್ದು ನಿಂತ.

"ಈ ಫುಪ್ಪು ಹದಿನಾಲ್ಕು ಸಲ ಹೂಂ ಅಂತಾರೆ. ಹದಿನಾಲ್ಕಕ್ಕೂ ಅರ್ಥ ಬೇರೆ. ಹುಡುಗಿ ಒಬ್ಬಳೇ ಬಂದು ‘ನೀನಾದ್ರೂ ಬೇಡ ಅನ್ನು’ ಅಂದಾಗ ಬರೋ ಹೂಂ ಇದ್ಯಲ್ಲ, ಅದನ್ನ ಓದಿ ನಾನು ಎದ್ದು ಹೋಗಿ ನೀರು ಕುಡ್ದು ಬಂದೆ. ನಮ್ಮ ಮನೆಗಳಲ್ಲಿ ದಿನಾ ಕೇಳೋ ಸದ್ದು ಅದು. ನಾನು ನಾಲ್ಕು ನಾಟಕ ಬರ್ದಿದ್ದೀನಿ, ಒಂದು ಸಲಾನೂ ಅದನ್ನ ಕೇಳಿಸ್ಕೊಂಡಿರ್ಲಿಲ್ಲ. ಒಂದು ತಪ್ಪಿದೆ. ಕೊನೇ ದೃಶ್ಯದಲ್ಲಿ ಫುಪ್ಪು ಲವಂಗ ಉಗಿದು ಎರಡು ಪುಟ ಭಾಷಣ ಮಾಡ್ತಾರೆ. ಅಷ್ಟು ಬೇಡ. ಎರಡು ಮಾತು ಸಾಕು."

ಮೈಯೆಲ್ಲ ಉರಿಯಿತು, ಅವನು ಹೇಳಿದ್ದು ಸರಿಯಾಗಿದ್ದುದರಿಂದ.

"ಮತ್ತೆ ಇಷ್ಟನ್ನೂ ಬರೀಬೋದಿತ್ತಲ್ಲ?" ಎಂದರು ಪುಟ್ಟಸ್ವಾಮಯ್ಯ.

"ಆರು ಸಲ ಬರ್ದೆ ಸಾರ್. ಪ್ರತಿ ಸಲವೂ ನಾಟಕದ ಬಗ್ಗೆ ಶುರುವಾಗಿ ಬರೆದೋರ ಬಗ್ಗೆ ಮುಗೀತಿತ್ತು. ಅದು ಮೆಚ್ಚುಗೆ ಆಗಲ್ಲ, ಪಕ್ಷಪಾತ ಆಗುತ್ತೆ. ಅದಕ್ಕೇ ಪುಟ ಖಾಲಿ ಬಿಟ್ಟೆ. ತಪ್ಪು ಮಾಡಿದೆ."

ಪುಟ್ಟಸ್ವಾಮಯ್ಯನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಸಾಕು ಬಿಡಪ್ಪ, ಅರ್ಥ ಆಯ್ತು. ಆ ಪುಟ ನಾನು ಬರೀತೀನಿ. ಶ್ರೀವಲ್ಲಿ, ಚಹಾ ಬಂತೇನಮ್ಮ?" ಆ ಹಿರಿಯರ ಕಾಲಿಗೆ ಅಲ್ಲೇ ಬೀಳೋಣವೆನಿಸಿತು.

ಮಧ್ಯಾಹ್ನ ಶಿಡ್ಲಘಟ್ಟದ ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತೆ. ವಾಸಿಫ್ ಹತ್ತಿದವನು ಖಾಲಿ ಸೀಟುಗಳನ್ನೆಲ್ಲ ನೋಡಿ, ಆಮೇಲೆ ನನ್ನನ್ನು ನೋಡಿದ. ನಾನು ಬ್ಯಾಗನ್ನು ಪಕ್ಕದ ಸೀಟಿನಿಂದ ತೆಗೆದು ಮಡಿಲಿಗಿಟ್ಟುಕೊಂಡೆ. ಬಂದು ಕೂತ.

"ಬಾಯಿ ಮುಚ್ಚಿದ್ದೋರನ್ನ ಜನ ತಪ್ಪು ತಿಳ್ಕೊಳ್ತಾರೆ ಅಂತ ನಾಟಕ ಬರೆದೋರು ನೀವೇ," ಎಂದ. "ನನ್ನ ವಿಷಯದಲ್ಲಿ ನೀವೂ ಅದನ್ನೇ ಮಾಡಿದ್ರಿ."

"ನಿಮ್ಮ ಬಾಯಲ್ಲೂ ಲವಂಗ ಇತ್ತಾ?"

"ಅದಕ್ಕಿಂತ ಖಾರದ್ದು ಇತ್ತು." ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತ ಹೇಳಿದ. "ಎರಡು ವರ್ಷದಿಂದ ನೀವಂದ್ರೆ ನಂಗಿಷ್ಟ ತಾಹಿರಾ. ಹೇಳಿದ್ರೆ ಎಲ್ಲಿ ನೀವು ಬಳಗಕ್ಕೆ ಬರೋದೇ ಬಿಡ್ತೀರೋ ಅಂತ ಹೆದ್ರಿಕೆ. ಬರೆಯದೆ ಇದ್ರೂ ಬಿಡ್ತೀರ ಅಂತ ನಿನ್ನೆ ಗೊತ್ತಾಯ್ತು."

ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಹಾದುಹೋಗುತ್ತಿದ್ದವು. ನಾನು ಬೇಕೆಂದೇ ಎರಡು ಸ್ಟಾಪು ಸುಮ್ಮನಿದ್ದೆ. ಇಪ್ಪತ್ತನಾಲ್ಕನೇ ಪುಟಕ್ಕೆ ಅಷ್ಟಾದರೂ ಸೇಡು ಬೇಡವೇ?

"ಏನಾದ್ರೂ ಹೇಳಿ," ಎಂದ ಕೊನೆಗೆ.

"ಎರಡು ಮಾತು ಸಾಕು ಅಂದ್ರಲ್ಲ, ಕೇಳಿಸ್ಕೊಳ್ಳಿ. ನಂಗೂ ನೀವಂದ್ರೆ ಇಷ್ಟ. ಬುಧವಾರ ಸಂಜೆ ನಿಮ್ಮ ಅಮ್ಮೀನ ಕರ್ಕೊಂಡು ಮನೆಗೆ ಬನ್ನಿ."

ಅಷ್ಟರಲ್ಲಿ ಕಂಡಕ್ಟರ್ ಬಂದು ನಿಂತರು. "ಎಲ್ಲಿಗೆ ಸಾರ್?"

ವಾಸಿಫ್ ನೋಟು ಹಿಡಿದ ಕೈಯನ್ನು ಚಾಚಿದ, ಬಾಯಿ ತೆರೆದ, ಊರ ಹೆಸರು ಬರಲಿಲ್ಲ. ಹುಟ್ಟಿ ಬೆಳೆದ ಊರು, ಮೂವತ್ತೊಂದು ವರ್ಷದಿಂದ ಇಳಿದು ಹತ್ತಿದ ಸ್ಟಾಪು. ನನ್ನ ಕಡೆ ತಿರುಗಿ ಪೆದ್ದುಪೆದ್ದಾಗಿ ನಗತೊಡಗಿದ. ಈ ಸಲ ನಾನು ನಗುತ್ತೇನೋ ಇಲ್ಲವೋ ಎಂದೂ ಕಾಯಲಿಲ್ಲ.

"ಶಿಡ್ಲಘಟ್ಟ," ಎಂದು ನಾನೇ ಹೇಳಿದೆ. "ಇಬ್ಬರಿಗೂ."