ಎಡ ಹಿಂಚಕ್ರದ ತಕರಾರು

ಕೇಸು ಮುಚ್ಚಲೆಂದೇ ಇನ್ಸ್‌ಪೆಕ್ಟರ್ ಬಂದಿದ್ದಳು. ಒಂದು ಸಹಿ ಹಾಕಿ ಹೋಗಿದ್ದರೆ ಎಲ್ಲರಿಗೂ ಆರಾಮವಾಗಿತ್ತು. ಆದರೆ ಈ ಹೆಂಗಸಿಗೆ ಒಂದು ಚಾಳಿ. ಯಾವ ವಸ್ತುವನ್ನೇ ಆಗಲಿ, ಒಮ್ಮೆ ಅದರ ಅಡಿಯನ್ನು ನೋಡದೆ ಬಿಡುವವಳಲ್ಲ.

ಕಾರು ವರ್ಕ್‌ಶಾಪಿನ ಲಿಫ್ಟ್ ಮೇಲಿತ್ತು. ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವಂಥ ಸ್ಪೋರ್ಟ್ಸ್ ಕಾರು. ಮೂತಿ ಅಪ್ಪಚ್ಚಿಯಾಗಿತ್ತು. ಹಿಂಭಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

“ಓಡಿಸಿದ್ದು ನನ್ನ ಮಗಳೇ ಮೇಡಂ,” ಎಂದ ಯಜಮಾನ. ವರ್ಕ್‌ಶಾಪ್ ಅವನದು, ಕಾರೂ ಅವನ ಕೈಯಿಂದಲೇ ಹುಟ್ಟಿದ್ದು. “ಟ್ರ್ಯಾಕ್‌ನ ದೊಡ್ಡ ಬಲತಿರುವಿನಲ್ಲಿ ಹಿಂಭಾಗ ಜಾರಿ, ಪೂರ್ತಿ ಸುತ್ತು ತಿರುಗಿ, ಟೈರ್ ಗೋಡೆಗೆ ಹೋಗಿ ಗುದ್ದಿದೆ. ಕಾಲು ಮುರೀತು. ಅವಳದೇ ತಪ್ಪು ಇರ್ಬೇಕು. ಕಾರಿಂದೇನೂ ಇಲ್ಲ, ಕಂಪ್ಯೂಟರ್ ದಾಖಲೆ ನೋಡಿದ್ವಿ.”

“ಈಗ ಅವಳ ರೇಸಿಂಗ್ ಲೈಸೆನ್ಸು?”

“ರೇಸಿಂಗ್ ಸಂಘದವರು ಕಿತ್ಕೊಳ್ತಾರೆ. ನಿಮ್ಮ ವರದಿಗೇ ಕಾಯ್ತಿದ್ದಾರೆ.”

ಇನ್ಸ್‌ಪೆಕ್ಟರ್ ಟೋಪಿ ತೆಗೆದಿಟ್ಟು ಕಾರಿನ ಕೆಳಗೆ ತಲೆ ತೂರಿಸಿದಳು. ಕಾರಿನ ಬಗ್ಗೆ ಅವಳಿಗೆ ತಿಳಿದಿದ್ದು ಠಾಣೆಯ ಜೀಪನ್ನು ತಳ್ಳಿ ಸ್ಟಾರ್ಟ್ ಮಾಡುವುದಷ್ಟೇ. ಬಲಗಡೆ ನೋಡಿದಳು, ಎಡಗಡೆ ನೋಡಿದಳು, ಮತ್ತೆ ಬಲಗಡೆಗೆ ಬಂದಳು.

“ಇಲ್ಲೊಂದು ಸರಳು ಇದೆಯಲ್ಲ, ಮೋಟಾರಿನಿಂದ ಹಿಂದಿನ ಚಕ್ರಕ್ಕೆ ಹೋಗೋದು. ಬಲಗಡೆ ಅದರ ಕೀಲಿನ ಮೇಲೆ ವಾಷರ್‌ಗಳಿವೆ. ಎಡಗಡೆ ಕೀಲಿನ ಕೆಳಗಿವೆ. ಅದು ಹಾಗೇ ಇರ್ಬೇಕಾ?”

ಯಜಮಾನ ಬಗ್ಗಿ ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

“ಇಲ್ಲ ಮೇಡಂ. ಎರಡೂ ಕಡೆ ನಾನೇ ಕೂರಿಸಿದ್ದು. ಎರಡೂ ಮೇಲೇ ಇದ್ವು.”

“ಗುದ್ದಿದ ರಭಸಕ್ಕೆ ಬದಲಾಗಿರಬಹುದಾ?”

“ಬೋಲ್ಟ್ ಪೂರ್ತಿ ಬಿಚ್ಚದೆ ಆಗಲ್ಲ. ಯಾರೋ ಬಿಚ್ಚಿದ್ದಾರೆ.”

ಸಹಿ ಹಾಕಬೇಕಿದ್ದ ಪೆನ್ನು ಜೇಬಿಗೆ ವಾಪಸ್ ಹೋಯಿತು.

* * *

ಆಸ್ಪತ್ರೆಯ ಹಾಸಿಗೆಯಲ್ಲಿ ಹುಡುಗಿ ಚಾವಣಿ ನೋಡುತ್ತಾ ಮಲಗಿದ್ದಳು. ಒಂದು ಕಡೆ ಕೂರಲಾರದವಳೆಂದು ಮನೆಯವರು ಚಿಕ್ಕಂದಿನಲ್ಲೇ ಅವಳಿಗೆ ಬುಗುರಿ ಎಂದು ಅಡ್ಡಹೆಸರಿಟ್ಟಿದ್ದರು. ಕಾರು ಗಿರ್ರನೆ ಸುತ್ತಿದ ಮೇಲೆ ಅವಳೆದುರು ಆ ಹೆಸರು ಹಿಡಿದು ಕರೆಯಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

“ಏನಾಯ್ತು ಹೇಳಮ್ಮ.”

“ಎಲ್ಲಾ ಸರಿಯಾಗೇ ಇತ್ತು ಮೇಡಂ. ನೇರ ದಾರಿಯಲ್ಲಿ ಯಾವ ಕಡೆಗೂ ಒಂಚೂರೂ ಎಳೀಲಿಲ್ಲ. ದೊಡ್ಡ ತಿರುವಿಗೆ ಬಂದೆ, ಕಾರು ಎಡಕ್ಕೆ ವಾಲ್ತು. ವಾಲಿದ ತಕ್ಷಣ ಹಿಂಭಾಗ ನನ್ನ ಮಾತು ಕೇಳಲೇ ಇಲ್ಲ. ಹೊರಗಡೆಗೆ ಹೊರಟೇಬಿಡ್ತು.” ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. “ನಾನು ಸ್ಟೀರಿಂಗ್ ಸರಿಯಾಗೇ ತಿರುಗಿಸಿದೆ. ಹಾಗಂದ್ಕೊಂಡಿದ್ದೆ. ಚಿಕ್ಕಪ್ಪ ದಿನಾ ಬಂದು ಹೋಗ್ತಾರೆ. ಭಯದಲ್ಲಿ ನೆನಪು ಮೋಸ ಮಾಡುತ್ತೆ, ಬಿಟ್ಟುಬಿಡು ಅಂತಾರೆ. ನಂಗೆ ಡ್ರೈವಿಂಗ್ ಕಲಿಸಿದ್ದೇ ಅವರು. ಅವರೇ ಹಾಗಂದ ಮೇಲೆ...”

“ಸೀಟಿನಲ್ಲಿ ಏನಾದ್ರೂ ವಿಚಿತ್ರ ಅನ್ನಿಸ್ತಾ?”

“ಸೀಟು ಹೊಸದು. ಹಿಂದಿನ ದಿನ ಬೆಳಿಗ್ಗೆಯಷ್ಟೇ ಹಾಕಿದ್ದು. ಕೂತಾಗ ತೊಡೆಗೆ ಏನೋ ಚುಚ್ಚಿದ ಹಾಗಾಯ್ತು. ಹೊಸ ಹೊಲಿಗೆ ಅಂದ್ಕೊಂಡೆ.” ಬುಗುರಿ ಇನ್ಸ್‌ಪೆಕ್ಟರ್ ತೋಳು ಹಿಡಿದಳು. “ಮೇಡಂ, ಯಾರಿಗೆ ಶಿಕ್ಷೆ ಆಗುತ್ತೋ ಬಿಡುತ್ತೋ. ನನ್ನಿಂದ ಆಯ್ತಾ ಇಲ್ವಾ, ಅದೊಂದು ಹೇಳಿ ಸಾಕು.”

* * *

ವರ್ಕ್‌ಶಾಪಿನ ಮೇಜಿನ ಸುತ್ತ ಮೂವರಿದ್ದರು. ಯಜಮಾನ, ಅವನ ತಮ್ಮ, ಮತ್ತು ಕಂಪ್ಯೂಟರ್ ಕೆಲಸದ ಯುವಕ. ಈ ಯುವಕನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ತಮ್ಮ ದಢೂತಿ ಆಸಾಮಿ. ಬುಗುರಿಗೆ ಚಿಕ್ಕಪ್ಪ, ಈ ಕಾರಿನ ಸಸ್ಪೆನ್ಷನ್‌ಗೆ ತಂದೆ.

“ಈ ಕಾರಲ್ಲಿ ಹಿಂದಿನ ಚಕ್ರಾನೂ ಯಾಕೆ ಎಡಕ್ಕೆ ಬಲಕ್ಕೆ ತಿರುಗಬೇಕು?” ಎಂದಳು ಇನ್ಸ್‌ಪೆಕ್ಟರ್. ತನಿಖೆ ಮರೆತು ಕಥೆ ಕೇಳುವವಳ ಹಾಗೆ ಕುರ್ಚಿ ಎಳೆದುಕೊಂಡು ಕೂತಳು. “ಮುಂದಿನದು ತಿರುಗಿದ್ರೆ ಸಾಲದಾ?”

ಯಜಮಾನನಿಗೆ ಇಷ್ಟು ಸಾಕಾಗಿತ್ತು. “ಇಬ್ಬರು ಮಂಚ ಹೊತ್ಕೊಂಡು ಹೋಗೋದು ನೋಡಿದ್ದೀರಾ? ಇಕ್ಕಟ್ಟಾದ ಬಾಗಿಲಲ್ಲಿ ಮುಂದಿನವನು ಬಲಕ್ಕೆ ಸರಿದರೆ ಹಿಂದಿನವನು ಎಡಕ್ಕೆ ಸರೀತಾನೆ. ಮಂಚ ನಿಂತಲ್ಲೇ ತಿರುಗುತ್ತೆ. ನನ್ನ ಕಾರು ನಿಧಾನವಾಗಿ ಹೋಗುವಾಗ ಹಿಂದಿನ ಚಕ್ರ ಹಾಗೇ, ಮುಂದಿನದಕ್ಕೆ ವಿರುದ್ಧ. ಆದರೆ ಓಡ್ತಾ ಓಡ್ತಾ ಹಾಗೆ ಮಾಡಿದ್ರೆ?”

“ಮಂಚ ಗಿರ್ರಂತ ತಿರುಗಿ ಇಬ್ರೂ ಬೀಳ್ತಾರೆ.”

“ಅದಕ್ಕೇ ವೇಗದಲ್ಲಿ ಇಬ್ಬರೂ ಒಂದೇ ಕಡೆಗೆ ಹೆಜ್ಜೆ ಹಾಕ್ಬೇಕು. ಮುಂದಿನ ಚಕ್ರ ಬಲಕ್ಕಾದ್ರೆ ಹಿಂದಿನದೂ ಒಂದು ಕೂದಲೆಳೆಯಷ್ಟು ಬಲಕ್ಕೆ. ಹಿಂದಿನ ಚಕ್ರ ತಿರುಗಿಸೋಕೆ ಅಂತಲೇ ಒಂದು ಮೋಟಾರಿದೆ, ಯಾವಾಗ ಹೇಗೆ ಅಂತ ಅದಕ್ಕೆ ಹೇಳೋದು ಕಂಪ್ಯೂಟರ್.”

“ಶೋಕಿ!” ಎಂದ ಚಿಕ್ಕಪ್ಪ. “ಹಿಂದೆ ಹೊರೋನ ಮಂಡಿ ಗಟ್ಟಿಯಾಗಿದ್ರೆ ಯಾರೂ ಅವನಿಗೆ ಹೇಳ್ಕೊಡಬೇಕಾಗಿಲ್ಲ. ಸಸ್ಪೆನ್ಷನ್ ಅಂದ್ರೆ ಆ ಮಂಡಿ ಮೇಡಂ. ಭಾರ ಬಿದ್ದಾಗ ಅದು ಬಗ್ಗುತ್ತೆ. ಬಗ್ಗುವಾಗ ಪಾದ ಯಾವ ಕಡೆ ತಿರುಗುತ್ತೆ, ಅದರಲ್ಲೇ ಇರೋದು ಎಲ್ಲಾ. ನಾನು ಜೀವಮಾನ ತೇದಿದ್ದು ಅದಕ್ಕೇ. ಅಣ್ಣನಿಗೆ ಈಗ ಮೋಟಾರಿನ ಹುಚ್ಚು.”

“ಮತ್ತೆ ಶುರು ಮಾಡಬೇಡ ಕಣೋ,” ಎಂದ ಅಣ್ಣ.

ಅಪಘಾತದ ದಿನ ಒಂದು ದೊಡ್ಡ ಕಾರು ಕಂಪನಿಯವರು ಈ ಕಾರು ನೋಡಲು ಬರುವವರಿದ್ದರು. ಹಿಂಚಕ್ರದ ಸ್ಟೀರಿಂಗ್ ಅವರಿಗೆ ಹಿಡಿಸಿದರೆ ಮುಂದಿನ ಕಾರುಗಳಿಗೆಲ್ಲ ಅದೇ. ಚಿಕ್ಕಪ್ಪನ ಹಳೆಯ ಸಸ್ಪೆನ್ಷನ್ ಮೂಲೆಗೆ ಹೋಗುತ್ತಿತ್ತು. ಹಾಗೆಂದು ಮುದ್ದಿನ ಮಗಳಂಥವಳು ಓಡಿಸುವ ಕಾರನ್ನು ಯಾರಾದರೂ ಕೆಡಿಸುತ್ತಾರೆಯೇ? ಇನ್ಸ್‌ಪೆಕ್ಟರ್ ಕಣ್ಣು ಕನ್ನಡಕನ ಕಡೆ ಹೊರಳಿತು.

“ಅಪಘಾತದ ಹಿಂದಿನ ದಿನ ಇಲ್ಲಿ ಯಾರ್ಯಾರಿದ್ರು?”

“ನಾವು ಬೆಳಿಗ್ಗೆ ಅಲೈನ್‌ಮೆಂಟ್, ಅಂದ್ರೆ ಚಕ್ರಗಳನ್ನ ನೇರ ಮಾಡೋ ಕೆಲಸ, ಮುಗಿಸಿದ್ವಿ,” ಎಂದ ಯಜಮಾನ. “ನಾನೂ ಮಗಳೂ ಊಟಕ್ಕೆ ಮನೆಗೆ ಹೋದ್ವಿ. ತಮ್ಮ ಟೈರ್ ಅಂಗಡಿಗೆ ಹೋದ. ಬಂದ ಮೇಲೆ ಕಾರಿಗೆ ಹೊದಿಕೆ ಹಾಕಿ ಬೀಗ ಹಾಕಿದ್ವಿ.”

“ನಾನು ಇಲ್ಲೇ ಇದ್ದೆ,” ಎಂದ ಕನ್ನಡಕ. ಹಣೆಯ ಮೇಲೆ ಬೆವರು. “ಪೂರ್ತಿ ಹೊತ್ತು ಇಲ್ಲೇ. ಯಾರೂ ಬರ್ಲಿಲ್ಲ.”

“ಹಾಗಾದ್ರೆ ವಾಷರ್ ತಾವಾಗಿಯೇ ನಡೆದುಕೊಂಡು ಕೆಳಗೆ ಇಳಿದ್ವಾ?”

ಅವಳು ಸ್ಪ್ಯಾನರ್‌ಗಳ ಪೆಟ್ಟಿಗೆ ಅವನ ಮುಂದಿಟ್ಟಳು. ಆ ಬೋಲ್ಟ್ ಬಿಚ್ಚು ಎಂದಳು. ಕನ್ನಡಕ ಒಂದೊಂದೇ ಸ್ಪ್ಯಾನರ್ ತೆಗೆದು ಬೋಲ್ಟಿಗೆ ಹಾಕಿ ನೋಡಿದ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಕೊನೆಗೆ ಸಿಕ್ಕಿದ್ದನ್ನು ಉಲ್ಟಾ ತಿರುಗಿಸಿದ. ಯಜಮಾನನಿಗೆ ಅಂಥ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ.

“ಸುಳ್ಳು ಹೇಳಿದೆ ಮೇಡಂ,” ಎಂದು ಅವನು ಸ್ಪ್ಯಾನರ್ ಕೆಳಗಿಟ್ಟ. “ನಾನು ಇಲ್ಲಿರಲಿಲ್ಲ. ಬೇರೆ ಕಂಪನಿಯವರು ಕೆಲಸಕ್ಕೆ ಕರೀತಿದ್ದಾರೆ. ಊಟದ ಹೊತ್ತೆಲ್ಲಾ ರಸ್ತೆಯ ಆ ತುದಿಯಲ್ಲಿ ನಿಂತು ಫೋನಲ್ಲಿ ಮಾತಾಡ್ತಿದ್ದೆ. ಯಜಮಾನ್ರಿಗೆ ಹೇಗೆ ಹೇಳೋದು ಅಂತ...”

“ಕಂಪ್ಯೂಟರ್ ದಾಖಲೆ ತಿದ್ದಿದ್ದೀಯಾ?”

“ಇಲ್ಲ. ಆ ತಿರುವಿನಲ್ಲಿ ಮೋಟಾರು ಸರಿಯಾದ ಕಡೆಗೇ ತಿರುಗಿದೆ.”

“ಮೋಟಾರು ತಿರುಗಿದೆ. ಚಕ್ರ?”

ಕನ್ನಡಕ ಕಣ್ಣು ಪಿಳಿಪಿಳಿ ಬಿಟ್ಟ. “ಚಕ್ರದಲ್ಲಿ ಅಳೆಯೋಕೆ ಏನೂ ಇಟ್ಟಿಲ್ಲ ಮೇಡಂ.”

* * *

ಇನ್ಸ್‌ಪೆಕ್ಟರ್ ಸೀಟಿನ ಹೊಲಿಗೆಯಲ್ಲಿ ಬೆರಳಾಡಿಸಿದಳು. ಬೆರಳಿಗೆ ಚುಚ್ಚಿತು. ಸುರುಳಿ ಸುತ್ತಿದ, ಹೊಳೆಯುವ ಸಣ್ಣ ಕಬ್ಬಿಣದ ಚೂರು. ಹುಡುಕಿದರೆ ಇನ್ನಷ್ಟು ಸಿಕ್ಕವು. ಕಾಗದದಲ್ಲಿ ಮಡಿಸಿಟ್ಟುಕೊಂಡು, ವರ್ಕ್‌ಶಾಪಿನ ಪಕ್ಕದಲ್ಲೇ ಇದ್ದ ಟ್ರ್ಯಾಕ್‌ನ ಗೇಟಿಗೆ ನಡೆದಳು.

ಕಾವಲುಗಾರ ಮಾತಿನ ಮಲ್ಲ.

“ಅವತ್ತು ಬುಗುರಿಯಮ್ಮ ಎಲ್ಲರಿಗಿಂತ ಮುಂಚೆ ಬಂದುಬಿಟ್ರು ಮೇಡಂ. ಕಂಪನಿಯವರು ಬರೋ ಮುಂಚೆ ಟೈರ್ ಬಿಸಿ ಮಾಡ್ತೀನಿ ಅಂತ ಕಾರು ಹೊರಗೆ ತೆಗೆದ್ರು. ಆಮೇಲೆ ಚಿಕ್ಕ ಯಜಮಾನ್ರು ಬಂದ್ರು. ಕಾರು ಎಲ್ಲಿ ಅಂದ್ರು. ಅಮ್ಮ ತಗೊಂಡು ಹೋದ್ರು ಅಂದೆ. ಗಾಡಿ ಬಾಗಿಲೂ ಹಾಕದೆ ಓಡಿದ್ರು ನೋಡಿ! ಆ ಮೈ ಹೊತ್ಕೊಂಡು! ನಿಲ್ಸು, ನಿಲ್ಸು ಅಂತ ಕೂಗ್ತಾನೇ ಇದ್ರು.”

“ಗುದ್ದಿದ ಸದ್ದು ಕೇಳಿ ಓಡಿದ್ರಾ?”

“ಇಲ್ಲ ಮೇಡಂ. ಸದ್ದು ಕೇಳಿದ್ದು ಆಮೇಲೆ.”

ಇನ್ಸ್‌ಪೆಕ್ಟರ್ ಕಾಗದದ ಮಡಿಕೆ ಬಿಚ್ಚಿ ಕಬ್ಬಿಣದ ಚೂರುಗಳನ್ನು ಮತ್ತೊಮ್ಮೆ ನೋಡಿದಳು. ಈಗ ಅವಳ ಕುತೂಹಲಕ್ಕೆ ಸಂತೋಷವಾಗಲಿಲ್ಲ. 

* * *

“ಅಲೈನ್‌ಮೆಂಟ್ ಹೇಗೆ ಮಾಡ್ತೀರಿ, ತೋರಿಸಿ,” ಎಂದಳು ವಾಪಸ್ ಬಂದು. ಅಣ್ಣ ತಮ್ಮ ಇಬ್ಬರೂ ಇನ್ನೂ ಅಲ್ಲೇ ಇದ್ದರು.

ಯಜಮಾನ ಕಪಾಟು ತೆರೆದ. ಒಳಗೆ ಮರಳಿನ ಚೀಲಗಳು. ಒಂದೊಂದರ ಮೇಲೂ ದಪ್ಪ ದಾರದಲ್ಲಿ ಹೊಲಿದ ಹೆಸರು: ಅಪ್ಪ, ಬುಗುರಿ, ಚಿಕ್ಕಪ್ಪ.

“ಓಡಿಸೋರು ಕೂತಾಗ ಕಾರು ಎಷ್ಟು ತಗ್ಗುತ್ತೋ ಅಷ್ಟೇ ತಗ್ಗಿಸಿ ಚಕ್ರಗಳ ನೇರ ನೋಡ್ಬೇಕು. ಅದಕ್ಕೇ ಅವರವರ ತೂಕದ ಚೀಲ ಸೀಟಲ್ಲಿ ಕೂರಿಸ್ತೀವಿ. ಇದಿಲ್ಲದೆ ನಮ್ಮಲ್ಲಿ ಯಾರೂ ಅಳತೆ ತೆಗೆಯಲ್ಲ.”

“ಈ ಚಿಕ್ಕಪ್ಪ ಯಾಕೆ ಇಷ್ಟು ಭಾರ?” ಎಂದಳು ಒಂದು ಚೀಲ ಎತ್ತಿ ನೋಡಿ.

“ಅವನ ಹೊಟ್ಟೆ ಬೆಳೆದ ಹಾಗೆ ತುಂಬಿಸ್ತಾ ಬಂದ್ವಿ. ಚೀಲದಲ್ಲಿ ಜಾಗ ಸಾಲಲಿಲ್ಲ. ಮರಳು ತೆಗೆದು, ಲೇತ್ ಮಷೀನಲ್ಲಿ ಕಡೆಯುವಾಗ ಉದುರೋ ಕಬ್ಬಿಣದ ಚೂರು ಹಾಕಿದ್ವಿ.” ಯಜಮಾನ ನಗಲು ಹೊರಟು ಅರ್ಧಕ್ಕೇ ನಿಲ್ಲಿಸಿದ. ಇನ್ಸ್‌ಪೆಕ್ಟರ್ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು.

“ಇವು ಹೊಸ ಸೀಟಿನಲ್ಲಿ ಸಿಕ್ಕವು. ಬೆಳಿಗ್ಗೆ ನೀವು ಅಳತೆ ತೆಗೆದಾಗ ಕೂರಿಸಿದ್ದು ಯಾರ ಚೀಲ?”

“ಬುಗುರಿದು. ಓಡಿಸೋಳು ಅವಳೇ ತಾನೇ.”

“ಬುಗುರಿಯ ಚೀಲದಲ್ಲಿ ಬರೀ ಮರಳು. ಅಂದ್ರೆ ಆಮೇಲೆ ಇನ್ನೊಂದು ಅಳತೆ ಆಗಿದೆ. ಚಿಕ್ಕಪ್ಪನ ಚೀಲ ಕೂರಿಸಿ.” ಅವಳು ದಢೂತಿ ಮನುಷ್ಯನ ಕಡೆ ತಿರುಗಿದಳು. “ವಾಷರ್ ಮೇಲಿನಿಂದ ಕೆಳಕ್ಕೆ ಹೋದ್ರೆ ಸರಳು ಓರೆ ಆಗುತ್ತೆ. ಕಾರಿನ ಮೈ ವಾಲಿ ಚಕ್ರದ ಮೇಲೆ ಕೂತಾಗ ಆ ಓರೆ ಸರಳು ಚಕ್ರವನ್ನ ಹೊರಕ್ಕೆ ತಿರುಗಿಸುತ್ತೆ. ಸರಿನಾ?”

ಚಿಕ್ಕಪ್ಪ ಕಣ್ಣು ತಪ್ಪಿಸಿದ. ಅವಳು ಮುಂದುವರಿಸಿದಳು.

“ಬಲತಿರುವಿನಲ್ಲಿ ಭಾರ ಬೀಳೋದು ಎಡ ಹಿಂಚಕ್ರದ ಮೇಲೆ. ಮೋಟಾರು ಸರಿಯಾದ ಮಾತೇ ಹೇಳ್ತು. ಮಂಡಿ ಬಗ್ಗಿದಾಗ ಪಾದ ಹೊರಗೆ, ಮುಂದಿನ ಚಕ್ರಕ್ಕೆ ವಿರುದ್ಧವಾಗಿ ಹೋಯ್ತು. ಕಂಪ್ಯೂಟರಿಗೆ ಅದು ಗೊತ್ತೇ ಆಗಲ್ಲ. ಆದರೆ ವಾಷರ್ ಬದಲಾಯಿಸಿ ಹಾಗೇ ಬಿಟ್ಟಿದ್ರೆ ನೇರ ದಾರಿಯಲ್ಲೇ ಕಾರು ಒಂದು ಕಡೆ ಎಳೀತಿತ್ತು. ಯಾರೋ ಮತ್ತೆ ಅಚ್ಚುಕಟ್ಟಾಗಿ ನೇರ ಮಾಡಿದ್ದಾರೆ. ಕೆಡಿಸೋ ಕೆಲಸದಲ್ಲೂ ಚೀಲ ಕೂರಿಸದೆ ಅಳತೆ ತೆಗೆಯೋಕೆ ಆ ಕೈ ಒಪ್ಪಲಿಲ್ಲ.”

“ನನ್ನ ಮಗಳನ್ನ ಕೊಲ್ಲೋಕೆ ನೋಡಿದ್ಯೇನೋ?” ಯಜಮಾನನ ಧ್ವನಿ ಒಡೆಯಿತು.

“ಇಲ್ಲ,” ಎಂದಳು ಇನ್ಸ್‌ಪೆಕ್ಟರ್. “ನಾನೂ ಅಲ್ಲೇ ಎಡವಿದೆ. ಹುಡುಗಿಗೆ ಕೇಡು ಬಯಸೋರು ಯಾರು ಅಂತ ಹುಡುಕಿದೆ. ಕಾರು ಹೊಂದಿಸಿದ್ದು ಅವಳಿಗಲ್ಲ. ಓಡಿಸೋಕೆ ಹೊರಟಿದ್ದೋನು ಇವನೇ. ಅದಕ್ಕೇ ಇವನದೇ ಚೀಲ.”

ಚಿಕ್ಕಪ್ಪ ತನ್ನ ಹೆಸರಿನ ಚೀಲದ ಮೇಲೆ ಕುಸಿದು ಕೂತ.

“ಟೈರ್ ಅಂಗಡಿಗೆ ಹೋಗ್ಲಿಲ್ಲ ಅಣ್ಣ, ನೀವು ಊಟಕ್ಕೆ ಹೋದಾಗ ವಾಷರ್ ಬದಲಾಯಿಸಿದೆ. ಮೊದಲ ಸುತ್ತು ನಾನೇ ಹಾಕ್ತೀನಿ ಅನ್ನೋಣ ಅಂತಿದ್ದೆ. ಆ ತಿರುವಿನಲ್ಲಿ ಅವರ ಕಣ್ಣೆದುರಿಗೇ ಹಿಂಭಾಗ ಒಂಚೂರು ಅಲ್ಲಾಡಬೇಕಿತ್ತು. ನಾನು ಹಿಡ್ಕೋತಿದ್ದೆ. ನೋಡಿ, ಈ ಹಿಂಚಕ್ರದ ಸ್ಟೀರಿಂಗ್ ನೆಚ್ಚೋ ಹಾಗಿಲ್ಲ ಅಂತ ಹೇಳಿ, ವಾಷರ್ ವಾಪಸ್ ಹಾಕಿಬಿಡ್ತಿದ್ದೆ. ಅವಳು ಮುಂಚೆ ಬರ್ತಾಳೆ ಅಂತ ನಂಗೇನು ಗೊತ್ತು? ಓಡಿದೆ. ಕೂಗಿದೆ.”

“ಓಡಿದ್ದು ನಿಜ,” ಎಂದಳು ಇನ್ಸ್‌ಪೆಕ್ಟರ್. “ಆಮೇಲೆ ದಿನಾ ಆಸ್ಪತ್ರೆಗೆ ಹೋಗಿ, ನಿನ್ನ ನೆನಪು ಮೋಸ ಮಾಡ್ತಿದೆ ಅಂತ ಆ ಹುಡುಗಿಗೆ ಹೇಳಿದ್ದೂ ನಿಜ.”

ಚಿಕ್ಕಪ್ಪ ತಲೆ ತಗ್ಗಿಸಿ ಎದ್ದ. ಜೀಪು ಹತ್ತುವಾಗ ಒಂದೇ ಒಂದು ಬೇಡಿಕೆ ಇಟ್ಟ. ಠಾಣೆಗೆ ಹೋಗುವ ಮುಂಚೆ ಬುಗುರಿಗೆ ಎಲ್ಲವನ್ನೂ ತಾನೇ ಹೇಳಬೇಕು.

* * *

ಬುಗುರಿ ಪೂರ್ತಿ ಕೇಳಿದಳು. ಅಪ್ಪ ಕಿಟಕಿಯ ಬಳಿ ನಿಂತಿದ್ದ. ಚಿಕ್ಕಪ್ಪ ಮಂಚದ ಕಾಲ ಬಳಿ ನಿಂತು ಎಳೆಯ ಮಗುವಿನ ಹಾಗೆ ಅಳುತ್ತಿದ್ದ.

“ಹಾಗಾದ್ರೆ ನಾನು ಸರಿಯಾಗೇ ತಿರುಗಿಸಿದ್ದೆ,” ಎಂದಳು ಕೊನೆಗೆ.

“ನಾನು ಕಲಿಸಿದ ಹಾಗೇ ತಿರುಗಿಸಿದ್ದೆ ಕಂದಾ. ನಾನೇ ಇದ್ದಿದ್ರೂ ಆ ಕಾರು ನಿಲ್ತಿರಲಿಲ್ಲ. ಲೆಕ್ಕ ತಪ್ಪಿದ್ದು ನಂದು.”

ಅವಳು ಮತ್ತೆ ತನ್ನ ಕೈಗಳನ್ನು ನೋಡಿಕೊಂಡಳು. ಈ ಸಲ ಬಹಳ ಹೊತ್ತು ನೋಡಿದಳು.

“ಕಾಲು ಮುರಿದದ್ದಕ್ಕೆ ಕ್ಷಮಿಸ್ತೀನಿ ಚಿಕ್ಕಪ್ಪ. ಅದು ನೀವು ಬೇಕಂತ ಮಾಡಿದ್ದಲ್ಲ. ನನ್ನ ಕೈಯನ್ನ ನಾನೇ ನಂಬದ ಹಾಗೆ ಮಾಡಿದ್ರಲ್ಲ, ಅದು ಬೇಕಂತಲೇ ಮಾಡಿದ್ರಿ. ಅದಕ್ಕೆ ಕ್ಷಮೆ ಈಗ ನನ್ನತ್ರ ಇಲ್ಲ. ಹೋಗಿಬನ್ನಿ.”

ಇನ್ಸ್‌ಪೆಕ್ಟರ್ ಅವನನ್ನು ಕರೆದುಕೊಂಡು ಹೊರಟಳು. ಬಾಗಿಲ ಬಳಿ ತಿರುಗಿ, “ವರದಿಯಲ್ಲಿ ನಿನ್ನ ತಪ್ಪಿಲ್ಲ ಅಂತಲೇ ಬರೀತೀನಮ್ಮ. ಲೈಸೆನ್ಸ್ ಎಲ್ಲೂ ಹೋಗಲ್ಲ,” ಎಂದಳು.

ಅಪ್ಪ ಒಬ್ಬನೇ ಉಳಿದ. ಮಗಳ ಮುಖ ನೋಡಲು ಅವನಿಗೂ ಧೈರ್ಯ ಸಾಲಲಿಲ್ಲ. ಅವಳದೇ ತಪ್ಪು ಎಂದವರಲ್ಲಿ ಅವನೇ ಮೊದಲಿಗ.

“ಅಪ್ಪಾ, ಕಾರು ರಿಪೇರಿ ಆಗುತ್ತಾ?”

“ಆಗುತ್ತೆ. ಚಕ್ರದಲ್ಲೂ ಅಳೆಯೋಕೆ ಒಂದು ಸಾಧನ ಇಡಿಸ್ತೀನಿ. ಅಲೈನ್‌ಮೆಂಟ್ ದಿನ ನೀನು ಪಕ್ಕದಲ್ಲೇ ನಿಂತಿರ್ಬೇಕು. ನಿನ್ನ ಚೀಲ ಕೂರಿಸೋದು ನೀನೇ.”

“ಪ್ಲಾಸ್ಟರ್ ತೆಗೆಯೋವರೆಗೂ ಕಾಯಬೇಕಾ?”

“ಬೇಡ,” ಎಂದ ಅಪ್ಪ ಮೂಗೊರೆಸಿಕೊಂಡು. “ಪ್ಲಾಸ್ಟರಿನ ತೂಕಕ್ಕೂ ಒಂದಿಷ್ಟು ಮರಳು ಸೇರಿಸೋಣ, ಬುಗುರಿ.”