ಎಡಗೈ ಕಡೆಯ ಊರು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಕೋಡುಗಲ್ಲು ಎಂಬ ರಾಜ್ಯವಿತ್ತು. ಅದನ್ನು ಇರುಂಗನೆಂಬ ರಾಜ ಆಳುತ್ತಿದ್ದ. ಮನುಷ್ಯ ಒಳ್ಳೆಯವನೇ, ಆದರೆ ಯಾರಾದರೂ ಪಂಚಾಂಗ ಬಿಚ್ಚಿದರೆ ಸಾಕು, ಬಾಯಿ ಬಿಟ್ಟುಕೊಂಡು ಕೂರುತ್ತಿದ್ದ. ಆ ರಾಜ್ಯದ ತುದಿಯಲ್ಲಿ, ಮೂರು ಗುಡ್ಡಗಳ ಆಚೆ, ಹಾಲುಗುಂದ ಎಂಬ ಒಂಟಿ ಹಳ್ಳಿ. ನೀರಿನ ಗುಣವೋ ಗಾಳಿಯ ಗುಣವೋ, ಆ ಊರಿನಲ್ಲಿ ನೂರು ತುಂಬದೆ ಯಾರೂ ಸಾಯುತ್ತಿರಲಿಲ್ಲ. ತುಂಬಿದ ಮೇಲೂ ಕೆಲವರು ಮನಸ್ಸು ಮಾಡುತ್ತಿರಲಿಲ್ಲ.

ಬೂದಿಗುಡ್ಡದಲ್ಲಿ ಧೂಮಲ ಎಂಬ ಮಾಂತ್ರಿಕನಿದ್ದ. ಅವನ ಆಯುಸ್ಸು ತೀರುತ್ತ ಬಂದಿತ್ತು. ಹಾಲುಗುಂದದವರ ಆಯುಸ್ಸನ್ನೆಲ್ಲ ಒಂದೇ ಸಲಕ್ಕೆ ಬಾಚಿಕೊಳ್ಳಬೇಕೆಂಬುದು ಅವನ ಆಸೆ. ಅದಕ್ಕೆ ಬೇಕಾದ ಮಂತ್ರವೂ ಅವನಿಗೆ ಗೊತ್ತಿತ್ತು. ಆದರೆ ಆ ಮಂತ್ರ ಹತ್ತಬೇಕಾದರೆ ಬೇರೆ ಯಾರಾದರೂ ದಿನವೂ ಊರನ್ನು ಸುತ್ತಬೇಕಿತ್ತು. ಅವನು ಜೋಯಿಸನ ವೇಷ ಹಾಕಿಕೊಂಡು ಅರಮನೆಗೆ ಹೋದ. ಹಾಲುಗುಂದಕ್ಕೆ ಕಳ್ಳರ ಕಾಟ ಬರಲಿದೆ, ಸುತ್ತ ಕಾವಲು ಹಾಕಿಸಿ ಎಂದ. ರಾಜ ಅಂದೇ ದಳವಾಯಿ ಮಾಕರಸನನ್ನು ಒಂದು ತುಕಡಿಯ ಜೊತೆ ಕಳಿಸಿದ.

ಆ ತುಕಡಿಯಲ್ಲಿ ಸೋವಣ್ಣ ಎಂಬ ಕಾಲಾಳು ಇದ್ದ. ಹಾಲುಗುಂದ ಅವನಿಗೆ ಹೆಣ್ಣು ಕೊಟ್ಟ ಊರು. ಹೆಂಡತಿ ಬಾಚಲೆ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಕಾವಲಿಗೆ ಯಾರು ಬರುತ್ತೀರಿ ಎಂದು ದಳವಾಯಿ ಕೇಳಿದಾಗ, ಮಾತು ಮುಗಿಯುವ ಮೊದಲೇ ಸೋವಣ್ಣ ಬುತ್ತಿ ಕಟ್ಟಿಕೊಂಡು ಮುಂದೆ ನಿಂತಿದ್ದ.

ಕೋಡುಗಲ್ಲಿನ ಸೈನಿಕರಲ್ಲಿ ಕಾವಲು ಸುತ್ತುವುದಕ್ಕೆ ಒಂದು ಕಟ್ಟಳೆಯಿತ್ತು. ಕತ್ತಿ ಹಿಡಿದ ಬಲಗೈ ಹೊರಗಡೆಗೆ, ಶತ್ರು ಬರುವ ದಿಕ್ಕಿಗೆ. ಗುರಾಣಿ ಹಿಡಿದ ಎಡಗೈ ಊರಿನ ಕಡೆಗೆ. ತಾತನ ಕಾಲದಿಂದ ಹಾಗೆಯೇ ನಡೆದುಬಂದಿತ್ತು. ಹಾಲುಗುಂದವನ್ನೂ ಅವರು ಹಾಗೆಯೇ ದಿನವೂ ಸುತ್ತಿದರು. ಕಳ್ಳರು ಬರಲಿಲ್ಲ. ಊರವರು ಹಾಲು ಮಜ್ಜಿಗೆ ತಂದುಕೊಟ್ಟರು. ಒಂದು ಸಂಜೆ ಬಾಚಲೆಗೆ ನೋವು ಶುರುವಾಯಿತು. ಸೋವಣ್ಣ ಅಂಗಳದಲ್ಲಿ ಅತ್ತಿಂದಿತ್ತ ಇತ್ತಿಂದತ್ತ ಓಡಾಡುವುದನ್ನು ನೋಡಿ ಅವನ ಅತ್ತೆಗೆ ತಲೆಕೆಟ್ಟುಹೋಯಿತು. ಹೆರಿಗೆ ಮನೆಯ ಮುಂದೆ ಗಂಡಸರಿಗೇನು ಕೆಲಸ, ನಾಳೆ ಬನ್ನಿ ಎಂದು ಊರಾಚೆ ಇದ್ದ ಸೈನಿಕರ ಬಿಡಾರಕ್ಕೆ ಅಟ್ಟಿದಳು.

ಬೆಳಗಾಗುವಷ್ಟರಲ್ಲಿ ಊರಿಗೂ ಬಿಡಾರಕ್ಕೂ ನಡುವೆ ಗೋಡೆ ಎದ್ದಿತ್ತು.

ಆ ಗೋಡೆ ಕಣ್ಣಿಗೆ ಕಾಣುತ್ತಿರಲಿಲ್ಲ. ಗಾಳಿಯೇ ಗಟ್ಟಿಯಾಗಿತ್ತು, ಅಷ್ಟೆ. ಒಳಗಿನದೆಲ್ಲ ಕಾಣುತ್ತಿತ್ತು, ಆದರೆ ಯಾವುದೂ ಅಲುಗುತ್ತಿರಲಿಲ್ಲ. ಮನೆಗಳ ಮೇಲೆ ಹೊಗೆ ಏಳುತ್ತಿದ್ದ ಹಾಗೆಯೇ ನಿಂತಿತ್ತು. ಕೋಳಿಯೊಂದು ಒಂದು ಕಾಲೆತ್ತಿ ನಿಂತಿತ್ತು. ಬಾಚಲೆಯ ತವರುಮನೆ ಊರಿನ ಅಂಚಿನಲ್ಲಿದ್ದುದರಿಂದ ಸೋವಣ್ಣನಿಗೆ ಅದರ ಬಾಗಿಲೂ ಕಾಣುತ್ತಿತ್ತು. ಬಾಗಿಲು ಮುಚ್ಚಿತ್ತು. ಒಳಗೆ ಮಗು ಹುಟ್ಟಿದೆಯೋ ಇಲ್ಲವೋ, ಹೆಂಡತಿ ಉಳಿದಿದ್ದಾಳೋ ಇಲ್ಲವೋ ತಿಳಿಯದೆ ಅವನು ಆ ಬಾಗಿಲನ್ನೇ ನೋಡುತ್ತ ನಿಂತ. ದಿನಗಳು ಕಳೆದವು, ತಿಂಗಳುಗಳು ಕಳೆದವು. ಬಾಗಿಲು ತೆರೆಯಲಿಲ್ಲ.

ಗೋಡೆ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಒಳಕ್ಕೆ ಸರಿಯುತ್ತಿತ್ತು. ಅದು ತಾಗಿದ್ದೆಲ್ಲ ಕಲ್ಲಾಗುತ್ತಿತ್ತು. ಮೊದಲು ಹೊಲದ ಬೇಲಿ ಕಲ್ಲಾಯಿತು. ಆಮೇಲೆ ಹುಲ್ಲಿನ ಬಣವೆ ಕಲ್ಲಾಯಿತು. ಆಮೇಲೆ ಗೂಟಕ್ಕೆ ಕಟ್ಟಿದ್ದ ಒಂದು ಕರು ಕಲ್ಲಾಯಿತು.

ದಳವಾಯಿ ಮಾಕರಸ ಸುಮ್ಮನೆ ಕೂರುವವನಲ್ಲ. ಬಾಣ ಬಿಡಿಸಿದ. ಬಾಣಗಳು ನಡುಗಾಳಿಯಲ್ಲಿ ಕಲ್ಲಾಗಿ ನೆಲಕ್ಕೆ ಬಿದ್ದವು. ಆನೆಯಿಂದ ಗುದ್ದಿಸಿದ. ಆನೆಯ ಒಂದು ದಂತ ಕಲ್ಲಾಯಿತು, ಆನೆ ಕಾಡಿಗೆ ಓಡಿತು. ಏಣಿ ಹಾಕಿಸಿದ. ಸೋವಣ್ಣನ ಜೊತೆಗಾರ ಜಕ್ಕ ಅದನ್ನು ಹತ್ತಿದ. ಎಷ್ಟು ಹತ್ತಿದರೂ ಗೋಡೆಯ ತಲೆ ಸಿಗಲಿಲ್ಲ. ಏಣಿ ಕಲ್ಲಾಗಿ ಮುರಿದು, ಜಕ್ಕ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ.

ಆಗ ರಾಜ ತನ್ನ ಜೋಯಿಸನನ್ನೇ ಸಲಹೆಗೆ ಕಳಿಸಿದ. ಕುರಿ ಕಾಯಲು ತೋಳ ಬಂದ ಹಾಗಾಯಿತು. ಧೂಮಲ ದಳವಾಯಿಯ ಡೇರೆಯಲ್ಲಿ ಜಿಂಕೆಯ ಚರ್ಮ ಹಾಸಿಕೊಂಡು ಕುಳಿತ. ಇಮ್ಮಡಿ ತುಪ್ಪ ಹಾಕಿಸಿಕೊಂಡು ಉಂಡ. ಕಾವಲು ಸಾಲದು, ದಿನಕ್ಕೆರಡು ಸುತ್ತು ಹಾಕಿಸಿ ಎಂದ. ಎರಡು ಸುತ್ತು ಹಾಕಿಸಿದರು. ಗೋಡೆ ಎರಡರಷ್ಟು ಬೇಗ ಸರಿಯಿತು. ಈಗ ಅದು ಬಾಚಲೆಯ ಮನೆಯ ಅಂಗಳಕ್ಕೆ ಬಂದಿತ್ತು.

ಬಿದ್ದಂದಿನಿಂದ ನರಳುತ್ತಿದ್ದ ಜಕ್ಕ ಅಷ್ಟರಲ್ಲಿ ಸತ್ತ. ಅವನಿಗೆ ಹಿಂದುಮುಂದು ಯಾರೂ ಇರಲಿಲ್ಲ. ಹಾಗಾಗಿ ಕರ್ಮ ಮಾಡುವ ಕೆಲಸ ಸೋವಣ್ಣನ ಪಾಲಿಗೆ ಬಂತು. ಅವನು ನೀರು ತುಂಬಿದ ಮಡಕೆಯನ್ನು ಹೆಗಲ ಮೇಲಿಟ್ಟುಕೊಂಡು ಚಿತೆ ಸುತ್ತಲು ಹೊರಟ. ಅಭ್ಯಾಸಬಲದಿಂದ ದೇವಸ್ಥಾನ ಸುತ್ತುವಂತೆ ಚಿತೆಯನ್ನು ಬಲಕ್ಕಿಟ್ಟುಕೊಂಡು ಹೆಜ್ಜೆಯಿಟ್ಟ. ಪಕ್ಕದಲ್ಲಿದ್ದ ಹಿರಿಯ ಸೈನಿಕನೊಬ್ಬ ಅವನ ಭುಜ ಹಿಡಿದು ತಿರುಗಿಸಿದ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತಾರೆ, ಹೆಣವನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ, ಅಷ್ಟೂ ಗೊತ್ತಿಲ್ಲವೇ ಎಂದು ಗದರಿಸಿದ. ಸೋವಣ್ಣ ಚಿತೆಯನ್ನು ಎಡಕ್ಕಿಟ್ಟುಕೊಂಡು ನಡೆದ. ಅರ್ಧ ಸುತ್ತು ಬರುವಷ್ಟರಲ್ಲಿ ಇದೇ ನಡಿಗೆಯನ್ನು ತಾನು ದಿನವೂ ನಡೆಯುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು. ಕರ್ಮ ಮುಗಿಸಿ ಮೀಯುವುದನ್ನೂ ಮರೆತು ನೇರ ದಳವಾಯಿಯ ಮುಂದೆ ಹೋಗಿ ನಿಂತ.

"ಒಡೆಯಾ, ನಾವು ಊರು ಕಾಯ್ತಾ ಇಲ್ಲ. ಹೆಣ ಸುತ್ತಿದ ಹಾಗೆ ಸುತ್ತುತಾ ಇದೀವಿ. ಬದುಕಿರೋ ಊರನ್ನ ನಾವೇ ದಿನಾ ಸಾಯಿಸ್ತಾ ಇದೀವಿ."

ದಳವಾಯಿ ಮೊಂಡನಾದರೂ ದಡ್ಡನಲ್ಲ. ಸುತ್ತು ಹೆಚ್ಚಿದಾಗ ಗೋಡೆಯ ಓಟವೂ ಹೆಚ್ಚಿದ್ದನ್ನು ಅವನೂ ಕಂಡಿದ್ದ. ಹಾಗಾದರೆ ಏನು ಮಾಡಬೇಕು ಅನ್ನುತ್ತೀ ಎಂದು ಕೇಳಿದ. ದೇವರಿಗೆ ಬರುವಂತೆ ಮೂರು ಸುತ್ತು ಪ್ರದಕ್ಷಿಣೆ ಬರುತ್ತೇನೆ ಎಂದ ಸೋವಣ್ಣ. ಊರು ಬಲಕ್ಕಿರಬೇಕು, ಕಾಲಲ್ಲಿ ಕೆರ ಇರಬಾರದು, ಕೈಯಲ್ಲಿ ಆಯುಧ ಇರಬಾರದು.

"ಕಾವಲಿನ ಮೇಲೆ ಆಯುಧ ಕೆಳಗಿಟ್ಟವನಿಗೆ ಏನು ಶಿಕ್ಷೆ, ಗೊತ್ತೇನೋ?"

"ಗೊತ್ತು ಒಡೆಯಾ. ಕೈ ಕಡೀತಾರೆ."

"ಕಡಿಯೋನು ನಾನೇ."

"ಸುತ್ತಿ ಬಂದ್ಮೇಲೆ ಕಡೀರಿ. ಅಲ್ಲೀವರೆಗೆ ಕಾವಲಿನ ಸುತ್ತು ಮಾತ್ರ ಬೇಡ."

ದಳವಾಯಿ ಕಾವಲಿನ ಸುತ್ತನ್ನು ನಿಲ್ಲಿಸಿದ. ಸೋವಣ್ಣ ಕತ್ತಿ ಗುರಾಣಿ ಕೆಳಗಿಟ್ಟ, ಕೆರ ಬಿಟ್ಟ, ಮಿಂದು ಒದ್ದೆ ಬಟ್ಟೆಯಲ್ಲೇ ಊರನ್ನು ಬಲಕ್ಕಿಟ್ಟುಕೊಂಡು ಹೊರಟ. ಡೇರೆಯಲ್ಲಿ ತುಪ್ಪದನ್ನ ಉಣ್ಣುತ್ತಿದ್ದ ಧೂಮಲನ ಕೈ ತುತ್ತಿನ ಜೊತೆ ಅರ್ಧದಲ್ಲೇ ನಿಂತಿತು.

ಮೊದಲನೆಯ ಸುತ್ತಿಗೆ ಧೂಮಲ ಹೊಗೆಯಿಂದ ಹುಲಿ ಮಾಡಿ ಬಿಟ್ಟ. ಹುಲಿ ಸೋವಣ್ಣನ ಎಡಗಡೆಗೆ ಬಂತು. ಎಡಗೈಯಲ್ಲಿ ಗುರಾಣಿಯಿರಲಿಲ್ಲ, ಬಲಗಡೆ ಸರಿಯೋಣವೆಂದರೆ ಗೋಡೆ. "ಹಿಂದಕ್ಕೆ ತಿರುಗು, ಬಿಟ್ಟುಬಿಡುತ್ತೇನೆ" ಎಂದಿತು ಹುಲಿ. ಸೋವಣ್ಣ ತಿರುಗಲಿಲ್ಲ. ಹುಲಿ ಅವನ ಹಿಮ್ಮಡಿಗೆ ಬಾಯಿ ಹಾಕಿತು. ಅವನು ತಿರುಗಲಿಲ್ಲ. ಹೊಗೆಯ ಹುಲಿಗೆ ತಿರುಗದವನನ್ನು ತಿನ್ನಲು ಬರುತ್ತಿರಲಿಲ್ಲ. ಸೋವಣ್ಣ ಕುಂಟುತ್ತ ಸುತ್ತು ಮುಗಿಸಿದ. ಗೋಡೆ ಹಿಂದಕ್ಕೆ ಸರಿಯಿತು. ಕಲ್ಲಾಗಿದ್ದ ಕರುವಿನ ಮೈಗೆ ಬಣ್ಣ ಬಂತು.

ಎರಡನೆಯ ಸುತ್ತಿಗೆ ಅವನಿಗೆ ನಿಲ್ಲಲು ಆಗಲಿಲ್ಲ. ಹಿಮ್ಮಡಿ ಹರಿದುಹೋಗಿತ್ತು. ನಿಲ್ಲಲಾಗದವರು ದೇವರಿಗೆ ಉರುಳುಸೇವೆ ಮಾಡುವುದಿಲ್ಲವೇ? ಸೋವಣ್ಣ ಕೈಮುಗಿದು ನೆಲಕ್ಕೆ ಮೈಚೆಲ್ಲಿದ, ಕಲ್ಲು ಮುಳ್ಳು ಎನ್ನದೆ ಉರುಳತೊಡಗಿದ. ಧೂಮಲ ದಾರಿಗೆ ಅಡ್ಡಲಾಗಿ ಎರಡು ತಲೆಯ ಸರ್ಪವನ್ನು ಮಲಗಿಸಿದ. ಉರುಳಿಕೊಂಡು ಬರುವ ಮನುಷ್ಯನನ್ನು ಸರ್ಪ ಅದುವರೆಗೆ ಕಂಡಿರಲಿಲ್ಲ. ಯಾರು ಮೊದಲು ಕಚ್ಚಬೇಕೆಂದು ಎರಡು ತಲೆಗಳಿಗೂ ಜಗಳ ಹತ್ತಿತು. ಜಗಳ ತೀರುವಷ್ಟರಲ್ಲಿ ಸೋವಣ್ಣ ಅದರ ಬೆನ್ನ ಮೇಲೆ ಉರುಳಿ ಆಚೆಗೆ ಹೋಗಿದ್ದ. ಗೋಡೆ ಮತ್ತೆ ಸರಿಯಿತು. ಬಣವೆ ಹುಲ್ಲಾಯಿತು, ಬೇಲಿ ಮುಳ್ಳಾಯಿತು.

ಮೂರನೆಯ ಸುತ್ತಿಗೆ ಏಳಲು ಹೋದ ಸೋವಣ್ಣ ಎದ್ದ ಹಾಗೆಯೇ ಬಿದ್ದ. ಮತ್ತೆ ಎದ್ದ, ಮತ್ತೆ ಬಿದ್ದ. ಅವನಿಗೆ ಅಳು ಬಂತು. ಆಗ ಹತ್ತಿರದಲ್ಲೇ ಯಾರೋ ಕತ್ತಿಯನ್ನು ನೆಲಕ್ಕಿಟ್ಟ ಸದ್ದಾಯಿತು. ತಲೆಯೆತ್ತಿ ನೋಡಿದರೆ ದಳವಾಯಿ ಮಾಕರಸ ಕುಕ್ಕುರುಗಾಲಲ್ಲಿ ಕುಳಿತು ತನ್ನ ಕೆರ ಬಿಚ್ಚುತ್ತಿದ್ದ. ಅವನನ್ನು ನೋಡಿ ತುಕಡಿಗೆ ತುಕಡಿಯೇ ಆಯುಧ ಕೆಳಗಿಟ್ಟಿತು. ಇಬ್ಬರು ಸೋವಣ್ಣನಿಗೆ ಹೆಗಲು ಕೊಟ್ಟರು. ಎಲ್ಲರೂ ಬರಿಗಾಲಲ್ಲಿ, ಬರಿಗೈಯಲ್ಲಿ, ಊರನ್ನು ಬಲಕ್ಕಿಟ್ಟುಕೊಂಡು ಹೊರಟರು.

ಸುತ್ತು ಇನ್ನೇನು ಮುಗಿಯಬೇಕು, ಎಡಗಡೆಯ ಬಯಲಿನಲ್ಲಿ ಬಾಚಲೆ ನಿಂತಿದ್ದಳು. ತೋಳಿನಲ್ಲಿ ಮಗುವಿತ್ತು. ಬೀಸುವ ಗಾಳಿಗೆ ಅವಳ ಕೂದಲು ಹಾರುತ್ತಿತ್ತು.

"ಮಗು ನೋಡಿ" ಎಂದಳು. "ನಿಮ್ಮದೇ ಮೂಗು. ಸುತ್ತು ಸಾಕು, ಬನ್ನಿ, ಎತ್ಕೊಳ್ಳಿ."

ಸೋವಣ್ಣನ ಕಾಲು ನಿಂತಿತು. ಅವನ ಜೊತೆ ಎಲ್ಲರ ಕಾಲೂ ನಿಂತವು. ಎಷ್ಟು ತಿಂಗಳಿಂದ ಅವನು ಕಾದಿದ್ದ ಮುಖ ಅದು. ಅವನ ಎರಡೂ ಕೈ ತಾವಾಗಿಯೇ ಮುಂದಕ್ಕೆ ಚಾಚಿದವು. ಒಂದು ಹೆಜ್ಜೆ ಎಡಕ್ಕಿಟ್ಟಿದ್ದರೆ ಹಾಲುಗುಂದ ಅಲ್ಲಿಗೆ ಮುಗಿಯುತ್ತಿತ್ತು.

ಅವನು ಅವಳನ್ನು ಇನ್ನೊಮ್ಮೆ ನೋಡಿದ. ತಲೆಗೆ ಬಟ್ಟೆ ಕಟ್ಟಿರಲಿಲ್ಲ. ಕಿವಿಯಲ್ಲಿ ಹತ್ತಿಯಿರಲಿಲ್ಲ. ಕಾಲು ತಣ್ಣನೆಯ ನೆಲದ ಮೇಲಿತ್ತು. ಹಸಿ ಬಾಣಂತಿ, ಹಸುಗೂಸು, ಸಂಜೆಯ ಗಾಳಿ. ಧೂಮಲ ಮಂತ್ರಗಳನ್ನೆಲ್ಲ ಅರೆದು ಕುಡಿದಿದ್ದ, ಪಾಪ, ಹೆರಿಗೆಯ ಮನೆಯೊಂದನ್ನು ಕಂಡಿರಲಿಲ್ಲ.

"ಇವಳು ಬಾಣಂತಿ ಅಲ್ಲ" ಎಂದ ಸೋವಣ್ಣ. "ಬಾಣಂತೀನ ಹೀಗೆ ಗಾಳಿಗೆ ಬಿಡೋಕೆ ನಮ್ಮತ್ತೆ ಏನು ಸತ್ತುಹೋಗಿದಾರಾ? ನಡೀರಪ್ಪಾ."

ನಡೆದರು. ಸುತ್ತು ಮುಗಿಯಿತು. ಗೋಡೆ ಎಲ್ಲಿತ್ತೆಂದು ಹೇಳಲೂ ಗುರುತು ಉಳಿಯಲಿಲ್ಲ. ಬಯಲಿನಲ್ಲಿ ನಿಂತಿದ್ದ ಬಾಚಲೆ ಜೋಯಿಸನಾದಳು, ಜೋಯಿಸ ಧೂಮಲನಾದ, ಧೂಮಲನ ಮೇಲೆ ಅವನು ತಪ್ಪಿಸಿಕೊಂಡು ಬಂದಿದ್ದ ಮುಪ್ಪೆಲ್ಲ ಒಟ್ಟಿಗೆ ಬಂದು ಬಿತ್ತು. ಅಲ್ಲಿ ಒಂದು ಬೊಗಸೆ ಬೂದಿ ಮಾತ್ರ ಇತ್ತು. ಬಿಡಾರದ ಅಡುಗೆಯವನು ಒಳ್ಳೆಯ ಬೂದಿ ಎಂದುಕೊಂಡು ಅದರಲ್ಲಿ ಅನ್ನದ ಹಂಡೆ ಬೆಳಗಿದ.

ಕೈ ಕಡಿಯುವ ಮಾತನ್ನು ದಳವಾಯಿ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಮೊದಲು ತನ್ನ ಕೈಯನ್ನೇ ಕಡಿದುಕೊಳ್ಳಬೇಕಾಗುತ್ತಿತ್ತು. ರಾಜ ಇರುಂಗ ವಿಷಯ ಕೇಳಿ ನಾಚಿದ, ಪಂಚಾಂಗ ಬಿಚ್ಚುವವರನ್ನು ಬಾಗಿಲಿನಿಂದಲೇ ಕಳಿಸತೊಡಗಿದ. ಕೋಡುಗಲ್ಲಿನ ಸೈನಿಕರು ಅಂದಿನಿಂದ ಯಾವ ಊರನ್ನು ಕಾದರೂ ಊರನ್ನು ಬಲಕ್ಕಿಟ್ಟುಕೊಂಡೇ ಸುತ್ತಿದರು, ಹಾಲುಗುಂದದವರು ನೂರು ತುಂಬಿಸಿ ಸುಖವಾಗಿ ಬಾಳಿದರು. ಆದರೆ ಅದೆಲ್ಲ ಆಮೇಲಿನ ಮಾತು. ಗೋಡೆ ಬಿದ್ದ ಗಳಿಗೆಯಲ್ಲಿ ಸೋವಣ್ಣ ಇದಾವುದನ್ನೂ ನೋಡುತ್ತ ನಿಂತಿರಲಿಲ್ಲ.

ಅವನು ಕುಂಟಿಕೊಂಡು, ಬಿದ್ದುಕೊಂಡು, ಅತ್ತೆಯ ಮನೆಯ ಅಂಗಳಕ್ಕೆ ಬಂದಿದ್ದ. ಅಲ್ಲಿಂದ ಮುಂದೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮಗು ಅಳುವುದು ಕೇಳಿಸಿತು. ಸಣ್ಣ ಅಳುವಲ್ಲ, ಊರಿಗೆಲ್ಲ ಕೇಳಿಸುವಂಥ ಅಳು. ಸೋವಣ್ಣ ಅಂಗಳದಲ್ಲೇ ಕುಸಿದು ಕುಳಿತ.

ಬಾಗಿಲು ತೆರೆಯಿತು. ಅತ್ತೆ ಹೊರಗೆ ಬಂದು, ಹರಿದ ಬಟ್ಟೆಯ, ಗಡ್ಡ ಬೆಳೆದ, ಮೈಯೆಲ್ಲ ಮಣ್ಣಾದ ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಪಾಲಿಗೆ ಒಂದೇ ಒಂದು ರಾತ್ರಿ ಕಳೆದಿತ್ತು.

"ಇದೇನು ಅಳಿಯಂದಿರೇ ಈ ಅವತಾರ? ಹೆಣ್ಣು ಮಗು. ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಹೋಗಿ ಸ್ನಾನ ಮಾಡ್ಕೊಂಡು ಬನ್ನಿ, ಈ ಕೊಳೇಲಿ ಹೊಸ್ತಿಲು ದಾಟಿಸಲ್ಲ."

ಒಳಗೆ ಬಾಚಲೆಗೆ ಮಾತು ಕೇಳಿಸಿತು. ಅವಳ ದನಿ ಸುಸ್ತಾಗಿತ್ತು, ಆದರೂ ಅದರಲ್ಲಿ ನಗುವಿತ್ತು.

"ಅವ್ವಾ, ಅವರಾ? ಇಷ್ಟು ಬೇಗ ಬಂದ್ಬಿಟ್ರಾ?"

ಸೋವಣ್ಣ ಮುಖ ಒರೆಸಿಕೊಂಡ.

"ಹೂಂ" ಎಂದ. "ಇಲ್ಲೇ ಪಕ್ಕದಲ್ಲೇ ಇದ್ದೆ."