ಅಂಕಿ ಅಳಿಸಿಹೋದ ವಾಚು

ಹಂಸ ಸುಗತನ ಮನೆಗೆ ಬಂದದ್ದು ಅದೇ ಮೊದಲು. ಅವನ ತಾಯಿಯನ್ನು ನೋಡಿದ್ದೂ ಅವತ್ತೇ ಮೊದಲು.

ಮಗ ಮೆಚ್ಚಿದ ಹುಡುಗಿ ಬರುತ್ತಾಳೆಂದು ಮುನಿಲಕ್ಷ್ಮಮ್ಮ ಬೆಳಗ್ಗೆಯೇ ರಸೆಲ್ ಮಾರ್ಕೆಟ್ಟಿಗೆ ಹೋಗಿ ಮಟನ್ ತಂದಿದ್ದರು. ಹಲಸೂರಿನ ಆ ಪುಟ್ಟ ಮನೆಯ ತುಂಬ ಸಾರಿನ ಘಮ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್, ಪಕ್ಕದಲ್ಲಿ ಸುಗತನ ತೀರಿಹೋದ ತಂದೆ ಆದಿನಾರಾಯಣ ಅವರ ಫೋಟೊ.

ಮುದ್ದೆ ಬಡಿಸಿದ ಮೇಲೆ ಸುಗತ ಜೇಬಿನಿಂದ ಅಪ್ಪನ ಹಳೇ ಕೀ ವಾಚು ತೆಗೆದು ಅಮ್ಮನ ಕೈಗಿಟ್ಟ. ಗಾಜು, ಪಟ್ಟಿ ಎಲ್ಲ ಹೊಸದು ಹಾಕಿದ್ದು ಹಂಸಾನೇ ಎಂದು ಹೆಮ್ಮೆಯಿಂದ ಹೇಳಿದ.

ಅವರು ಸೆರಗಿನಿಂದ ಗಾಜು ಒರೆಸಿ, ಒಳಗಿನ ಕಪ್ಪು ಅಂಕಿಗಳನ್ನು ನೋಡಿ, ವಾಚನ್ನು ಕಣ್ಣಿಗೊತ್ತಿಕೊಂಡರು.

"ಆಸ್ಪತ್ರೇಲಿ ಮಲಗ್ದಾಗ ಇದೇ ಅಂಕಿ ನೋಡ್ಕೊಂಡು, ನಾನು ಯಾವಾಗ ಬರ್ತೀನಿ ಅಂತ ಕಾಯ್ತಿದ್ರು ಕಣಮ್ಮ."

ಹಂಸಳ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

'ಇದೇ ಅಂಕಿ ಅಲ್ಲ ಆಂಟಿ... ಅಯ್ಯೋ, ಇದೇ ಅಲ್ಲ...'

ಹೇಳಲು ಬಾಯಿ ಬರಲಿಲ್ಲ. ಹೋಗಬೇಕು ಎಂದಷ್ಟೇ ತೊದಲಿ ಎದ್ದಳು. ನೀರನ್ನೂ ಮುಟ್ಟದೆ, ಬಡಿಸಿದ ತಟ್ಟೆಯನ್ನು ಹಾಗೇ ಬಿಟ್ಟು ಮೆಟ್ಟಿಲಿಳಿದು ಹೋದಳು.

ಆ ಮನೆಯಲ್ಲಿ ಹಾಗೆ ಎದ್ದು ಹೋದರೆ ಏನರ್ಥ ಬರುತ್ತದೆ ಎಂದು ನಮ್ಮ ಹುಡುಗಿಗೆ ಹೊಳೆಯಲೇ ಇಲ್ಲ. ತನ್ನ ತಪ್ಪೊಂದೇ ಅವಳ ಕಣ್ಣಿಗೆ ಕಟ್ಟಿತ್ತು.

ಹಂಸಳಿಗೆ ವಾಚಿನ ಹುಚ್ಚು. ಕಡಿಮೆ ಬೆಲೆಯ ಮೆಕ್ಯಾನಿಕಲ್ ವಾಚು ತರಿಸಿ, ಮನೆಯಲ್ಲೇ ಬಿಚ್ಚಿ, ಬೇರೆ ಡಯಲ್ಲು, ಬೇರೆ ಮುಳ್ಳು ಹಾಕಿ ಅದರ ಚಹರೆಯನ್ನೇ ಬದಲಿಸುವುದು. ಸಣ್ಣ ಮುಳ್ಳು ಹಾರಿಹೋದೀತೆಂದು ಫ್ಯಾನ್ ಆಫ್ ಮಾಡಿ, ಬೆವರು ಸುರಿಸುತ್ತ ಕೂರುತ್ತಿದ್ದಳು. ಕೆ.ಆರ್. ಪುರದಲ್ಲಿ ಬಾಡಿಗೆ ಮನೆಗಳ ಸಾಲನ್ನೇ ಕಟ್ಟಿಸಿ, ಜಾತಿ ಕೇಳಿಯೇ ಬಾಡಿಗೆಗೆ ಕೊಡುತ್ತಿದ್ದ ಅಪ್ಪ ಮುನಿಶಾಮಪ್ಪನವರಿಗೆ ಮಗಳ ಈ ಕಸುಬು ಒಂದಿಷ್ಟೂ ಹಿಡಿಸುತ್ತಿರಲಿಲ್ಲ.

ಇಂದಿರಾನಗರದ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಸುಗತ, ಗಾಜು ಮತ್ತು ಪಟ್ಟಿ ಬದಲಿಸಿದರೆ ಸಾಕೆಂದು ವಾಚು ಕೊಟ್ಟಿದ್ದ. ಅವಳಿಗೆ ಅಷ್ಟು ಸಾಲಲಿಲ್ಲ. ಹೊಸ ವಾಚಿನ ಡಯಲ್ಲುಗಳನ್ನು ಒರೆಸಿ ರೂಢಿಯಿದ್ದ ಕೈ. ಲೆನ್ಸ್ ಒರೆಸುವ ದ್ರವದಲ್ಲಿ ಇಯರ್‌ಬಡ್ ಅದ್ದಿ ಹಳೇ ಡಯಲ್ಲಿನ ಮೇಲೂ ಆಡಿಸಿಯೇ ಬಿಟ್ಟಳು. ಹತ್ತಿ ಕಪ್ಪಾಯಿತು. ಕೊಳೆ ಬಂತೆಂದು ಖುಷಿಪಟ್ಟಳು ಪುಣ್ಯಾತ್ಗಿತ್ತಿ. ಬಂದದ್ದು ಅಂಕಿ!

ನಿಜ ಹೇಳುವ ಬದಲು ಶಿವಾಜಿನಗರದಲ್ಲಿ ಹಳೇ ವಾಚಿನ ಸಾಮಾನು ಮಾರುವ ಅಹ್ಮದ್ ಪಾಷಾ ಅವರ ಅಂಗಡಿಗೆ ಓಡಿದಳು. ಅದೇ ಮಾದರಿಯ ಬೇರೆ ಡಯಲ್ಲು ಹುಡುಕಿ ತಂದು ಕೂರಿಸಿದಳು. ಎಸೆಯಲು ಮನಸ್ಸು ಬಾರದೆ ಅಂಕಿಯಿಲ್ಲದ ಡಯಲ್ಲನ್ನು ಪುಟ್ಟ ಡಬ್ಬಿಯಲ್ಲಿಟ್ಟಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಸುಗತನ ಮುಖ ನೋಡಲಾಗಲಿಲ್ಲ. ಅವನೂ ಮಾತು ಬಿಟ್ಟ. ಕೊನೆಗೊಂದು ಸಂಜೆ ಮೆಟ್ರೋ ಸ್ಟೇಷನ್ನಿನ ಕೆಳಗೆ ತಾನೇ ತಡೆದು ನಿಲ್ಲಿಸಿದ.

"ನಮ್ಮನೇಲಿ ಊಟ ಮಾಡೋಕಾಗಲ್ಲ ಅಂದಿದ್ರೆ ಮೊದ್ಲೇ ಹೇಳ್ಬೋದಿತ್ತು ನೀವು. ಅಮ್ಮ ಅಷ್ಟು ಆಸೆ ಇಟ್ಕೋತಿರ್ಲಿಲ್ಲ."

'ನೀನು' ಹೋಗಿ ನೀವು...

ಆ ಒಂದು ಮಾತು ಸಾಕಾಯಿತು. ಅವನು ಏನೆಂದುಕೊಂಡಿದ್ದಾನೆಂದು ಅವಳಿಗೆ ಆಗ ಅರ್ಥವಾಯಿತು. ತಲೆ ತಗ್ಗಿಸಿದಳು. ಕಣ್ಣೆತ್ತುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಹೋಗಿದ್ದ.

'ಸುಮ್ಮನಿದ್ದು ನಾನು ಅವರಿಗೆ ಎಂಥ ಅವಮಾನ ಮಾಡಿದೆ!'

ಮರುದಿನ ಬೆಳಗ್ಗೆ ಹಂಸ ಹಲಸೂರಿನ ಬಾಗಿಲಲ್ಲಿ ನಿಂತಿದ್ದಳು. ತಾಯಿ ಮಗ ಇಬ್ಬರೂ ಇದ್ದರು. ಒಳಗೆ ಕರೆಯುವ ಮೊದಲೇ ಡಬ್ಬಿ ತೆರೆದು ಚಾಚಿದಳು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು. ಆದರೂ ಒರೆಸಿದ್ದು, ಮುಚ್ಚಿಟ್ಟದ್ದು, ಬೇರೆಯದನ್ನು ಹಾಕಿದ್ದು, ಯಾವುದನ್ನೂ ಉಳಿಸದೆ ಹೇಳಿದಳು.

ಮುನಿಲಕ್ಷ್ಮಮ್ಮ ಬೋಳು ಡಯಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಸವರಿದರು.

"ಹಂಗಾದ್ರೆ ಯಾರದ್ದನ್ನೋ ಕಣ್ಣಿಗೊತ್ಕೊಂಡೆನಲ್ಲೇ ನಾನು..." ಅವರ ದನಿ ಒಡೆಯಿತು. "ಸಿಟ್ಟಿದೆ ನಂಗೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅವತ್ತಿಂದ ನಾನು ನುಂಗ್ತಿರೋ ಸಂಕಟ ಇದಲ್ಲ ಕಣಮ್ಮ. ನೀನು ಅದಕ್ಕಲ್ವಲ್ಲ ಎದ್ದು ಹೋಗಿದ್ದು?"

"ಅದಕ್ಕಲ್ಲ ಆಂಟಿ," ಎಂದಳು ಹಂಸ. ಅಳು ತಡೆಯಲಾಗಲಿಲ್ಲ.

ಅವರು ಅವಳ ಕೈ ಹಿಡಿದು ಒಳಗೆ ಕೂರಿಸಿದರು. ವಾಚು ತಂದು ಮುಂದಿಟ್ಟು, ಅಂಕಿ ಇಲ್ಲದಿದ್ದರೂ ಸರಿ, ತಮ್ಮ ಯಜಮಾನರದ್ದನ್ನೇ ವಾಪಸ್ ಹಾಕು ಎಂದರು. ಆಮೇಲೆ ಕಾಫಿ ಮಾಡಲು ಅಡುಗೆಮನೆಗೆ ಹೋದರು.

ಹಂಸ ಬ್ಯಾಗಿನಿಂದ ಚಿಮಟ ತೆಗೆದಳು. ಸುಗತ ಫ್ಯಾನ್ ಆಫ್ ಮಾಡಿ ಮೊಬೈಲ್ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತ.

"ನಿನ್ನ ಒಂದ್ಮಾತು ಕೇಳ್ದೇನೇ ನೀನೂ ಜಾತಿ ನೋಡೋರ ಥರಾನೇ ಅಂದ್ಕೊಂಡ್ಬಿಟ್ಟೆ," ಎಂದ ತಗ್ಗಿದ ದನಿಯಲ್ಲಿ. "ನಂಗೂ ನಾಚಿಕೆ ಆಗ್ತಿದೆ ಹಂಸ."

ಮತ್ತೆ 'ನೀನು' ಎಂದಿದ್ದ. ಅವಳು ಮುಳ್ಳನ್ನು ಮೆಲ್ಲಗೆ ಕೂರಿಸಿ ಉಸಿರು ಬಿಟ್ಟಳು.

"ನೀನಂದ್ರೆ ನಂಗೆ ತುಂಬ ಇಷ್ಟ. ಕಳ್ಕೊಂಡ್ಬಿಡ್ತೀನಿ ಅಂತಾನೇ ಹೇಳ್ಲಿಲ್ಲ."

"ನಂಗೂ ಇಷ್ಟಾನೇ. ಆದ್ರೆ ನಮ್ಮನೇಲಿ ಊಟ ಮಾಡ್ಬಾರ್ದು ಅಂತ ನಿಮ್ಮಪ್ಪ ಬಾಯಿಬಿಟ್ಟೇ ಹೇಳ್ತಾರಲ್ವಾ?"

"ಹೇಳ್ತಾರೆ."

"ಆಗ ಏನ್ಮಾಡ್ತೀಯಾ?"

ಅವಳು ಚಿಮಟ ಕೆಳಗಿಟ್ಟು, ಅಷ್ಟು ದಿನಗಳ ಮೇಲೆ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ನಿಮ್ಮಮ್ಮನ ಮುಂದೆ ನಿಂತು ನಿಜ ಹೇಳಿದೀನಿ ಸುಗತ. ಇನ್ನು ನಮ್ಮಪ್ಪನ ಮುಂದೆ ನೀನಿಷ್ಟ ಅಂತ ಹೇಳೋಕೆ ನಂಗೆ ಯಾವ ನಾಚಿಕೆ?"